ನಾಲ್ಕು ಮನೆ, ಒಂದು ಹೊಸ್ತಿಲು

ಹೋದ ತಿಂಗಳು ಶಿವಮೊಗ್ಗದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆ. ಊಟಕ್ಕೆ ಕೂತರೆ ಎದುರಿಗೆ ಮುತ್ತುಗದ ಎಲೆ. ಈ ಕಾಲದಲ್ಲಿ ಅದನ್ನು ಎಲ್ಲಿಂದ ಹುಡುಕಿ ತಂದರೋ ಕಾಣೆ. ಬಿಸಿ ಅನ್ನ ಬಿದ್ದದ್ದೇ ತಡ, ವಾಸನೆ ಎದ್ದಿತು. ಒಣಗಿದ ಎಲೆ ಬಿಸಿಗೆ ನೆನೆದಾಗ ಬರುವ ವಾಸನೆ, ಸ್ವಲ್ಪ ಒಗರು, ಸ್ವಲ್ಪ ಮಣ್ಣು. ಸಾರಿನವನು ಬಂದು ನಿಂತು "ಅಮ್ಮಾ, ಗುಳಿ ಮಾಡ್ಕೊಳ್ರಿ" ಎಂದು ಎರಡು ಸಲ ಹೇಳಿದನಂತೆ. ನನಗೆ ಕೇಳಿಸಲಿಲ್ಲ. ನಾನು ಸೊರಬದ ಹೊಲಿಗೆ ತರಗತಿಯ ಹಿಂದಿನ ಕೋಣೆಯಲ್ಲಿದ್ದೆ. ಇಸವಿ ಐವತ್ತೆಂಟು, ವಯಸ್ಸು ಇಪ್ಪತ್ಮೂರು, ಕೈಯಲ್ಲಿ ಸ್ಟಾಪ್‌ವಾಚು, ತಲೆಯ ತುಂಬ ಸೊಕ್ಕು.

ಆಗ ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮೈಸೂರಿನ ಪ್ರೊಫೆಸರೊಬ್ಬರ ಕೈಕೆಳಗೆ ಸಹಾಯಕಿಯಾಗಿದ್ದೆ. ಅವರು ಒಂದು ಪ್ರಯೋಗ ಹೂಡಿದ್ದರು. ಅದನ್ನು ಪೇಟೆಯ ಕಾಲೇಜು ಹುಡುಗಿಯರ ಮೇಲಲ್ಲ, ಸಣ್ಣ ಊರಿನ ಸಾಧಾರಣ ಹೆಂಗಸರ ಮೇಲೆ ಮಾಡಬೇಕೆಂಬುದು ಅವರ ಹಟ. ಶಿಕಾರಿಪುರದಲ್ಲೂ ಸೊರಬದಲ್ಲೂ ಮಹಿಳೆಯರಿಗೆ ಹೊಲಿಗೆ ತರಗತಿಗಳು ನಡೆಯುತ್ತಿದ್ದವು. ಅಲ್ಲಿಗೆ ನನ್ನನ್ನು ಅಟ್ಟಿದರು. ಯುಗಾದಿಯೊಳಗೆ ವರದಿ ನೆಟ್ಟಗೆ ಬಂದರೆ ಖಾಲಿಯಿದ್ದ ಲೆಕ್ಚರರ್ ಕೆಲಸಕ್ಕೆ ನನ್ನ ಹೆಸರು ಹೇಳುವುದಾಗಿ ಮಾತು ಕೊಟ್ಟಿದ್ದರು. ಬಾರದಿದ್ದರೆ ಅಣ್ಣ ನೋಡಿಟ್ಟಿದ್ದ ನಂಜನಗೂಡಿನ ಗಂಡು. ಆ ಮಹಾರಾಯನನ್ನು ಒಂದು ಸಲ ನೋಡಿದ್ದೆ. ಉಪ್ಪಿಟ್ಟು ತಿನ್ನುತ್ತಾ ನಾನು ಎಲ್ಲಿಯವರೆಗೆ ಓದಿದ್ದೇನೆಂದು ಕೇಳಿ, ಹೇಳಿದ ಮೇಲೆ "ಸಾಕಲ್ಲ ಇನ್ನು" ಎಂದಿದ್ದ. ಅಷ್ಟಕ್ಕೇ ನಾನು ಶಿಕಾರಿಪುರದ ಬಸ್ಸು ಹತ್ತಲು ಸಿದ್ಧಳಾದೆ.

ಹೊರಡುವ ಮೊದಲು ಪ್ರೊಫೆಸರು ಕಪ್ಪು ಹಲಗೆಯ ಮೇಲೆ ಚೌಕ ಬರೆದು, ಒಂದು ಗೆರೆ ಅಡ್ಡ, ಒಂದು ಗೆರೆ ಉದ್ದ ಎಳೆದರು. ಚೌಕಾಬಾರದ ಮನೆಗಳ ಹಾಗೆ, ಆದರೆ ನಾಲ್ಕೇ ಮನೆ ಆಯಿತು.

"ನಮಗೆ ಎರಡು ವಿಷಯ ಗೊತ್ತಾಗಬೇಕಮ್ಮ. ಕಲಿಯುವಾಗ ಹೊಗಳಿದರೆ ನೆನಪು ಚೆನ್ನಾಗಿ ನಿಲ್ಲುತ್ತಾ? ಜೊತೆಗೆ ಯಾರಾದರೂ ಇದ್ದರೆ ಚೆನ್ನಾಗಿ ನಿಲ್ಲುತ್ತಾ? ಮೊದಲ ಮನೆಯಲ್ಲಿ ಜೊತೆಯೂ ಉಂಟು, ಹೊಗಳಿಕೆಯೂ ಉಂಟು. ಎರಡನೆಯದರಲ್ಲಿ ಜೊತೆ ಉಂಟು, ಹೊಗಳಿಕೆ ಇಲ್ಲ. ಮೂರನೆಯದರಲ್ಲಿ ಒಬ್ಬಳೇ, ಆದರೆ ಹೊಗಳಿಕೆ ಉಂಟು. ನಾಲ್ಕನೆಯದರಲ್ಲಿ ಒಬ್ಬಳೇ, ಹೊಗಳಿಕೆಯೂ ಇಲ್ಲ."

"ಎರಡು ಬೇರೆ ಬೇರೆ ಪ್ರಯೋಗ ಮಾಡಿದರೆ ಆಗಲ್ವಾ ಸಾರ್?" ಎಂದು ಕೇಳಿದೆ. ಎಂ.ಎ. ಮಾಡಿಯೂ ಆ ಪ್ರಶ್ನೆ ಕೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವರು ಬೈಯಲಿಲ್ಲ. "ಸಾರಿಗೆ ಉಪ್ಪು ಎಷ್ಟು ಬೇಕು, ಹೇಳಿ ನೋಡೋಣ" ಎಂದರು.

"ಹುಳಿ ಎಷ್ಟು ಹಾಕಿದೀರಿ ಅಂತ ಗೊತ್ತಿಲ್ಲದೆ ಹೇಗೆ ಹೇಳಲಿ?"

"ಅಷ್ಟೇ ಕಣಮ್ಮ ವಿಷಯ. ಉಪ್ಪನ್ನೊಂದೇ ಅಳೆದರೆ ಸಾರು ಗೊತ್ತಾಗಲ್ಲ. ಹೊಗಳಿಕೆ ಎಷ್ಟು ಕೆಲಸ ಮಾಡುತ್ತೆ ಅನ್ನೋದು ಜೊತೆ ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿರಬಹುದು. ಎರಡನ್ನೂ ಒಟ್ಟಿಗೇ ಬೆರೆಸಿ ನೋಡಿದಾಗ ಮಾತ್ರ ಅದು ಕಾಣೋದು. ಫ್ಯಾಕ್ಟೋರಿಯಲ್ ಡಿಸೈನ್ ಅಂದರೆ ಇಷ್ಟೇ." ಆಮೇಲೆ ಕೈಗಂಟಿದ ಸುಣ್ಣ ಒರೆಸಿಕೊಳ್ಳುತ್ತಾ ಕೊನೆಯ ಮಾತು ಹೇಳಿದರು. "ಆ ಹೆಂಗಸರ ಜೊತೆ ಮಾತು ಬೆಳೆಸಬೇಡಿ. ಅವರ ಮನೆಗೆ ಹೋಗಬೇಡಿ. ನೀವು ಪ್ರೀತಿಯಿಂದ ಮಾತಾಡಿಸಿದರೆ ಅದೂ ಹೊಗಳಿಕೆಯೇ ಆಯಿತು, ನನ್ನ ನಾಲ್ಕೂ ಮನೆ ಕೆಟ್ಟವು. ನಿಮ್ಮನ್ನು ನೀವು ಒಂದು ಗಡಿಯಾರ ಅಂದುಕೊಳ್ಳಿ."

ಗಡಿಯಾರವಾಗಿಯೇ ಹೋದೆ. ಶಿಕಾರಿಪುರದಲ್ಲಿ ಕೆರೆ ಏರಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಬಾಡಿಗೆ ಕೋಣೆ. ಮನೆಯೊಡತಿ ಕಾಳುಕಡಿ ವ್ಯಾಪಾರದವರ ವಿಧವೆ. ಮೂರು ಹೊತ್ತು ಪೂಜೆ, ಉಳಿದ ಹೊತ್ತು ಮೌನ. ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಕಿಟಕಿಯಲ್ಲಿಡುತ್ತಿದ್ದರು. ವಾರದಲ್ಲಿ ಮೂರು ದಿನ ಶಿಕಾರಿಪುರ, ಮೂರು ದಿನ ಸೊರಬ. ಸೊರಬಕ್ಕೆ ಹೋಗುವ ದಿನ ಬೆಳಗಿನ ಮೊದಲ ಬಸ್ಸು. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ದೀಪಾವಳಿ ಕಳೆದು ಚಳಿ ಹತ್ತಿತ್ತು. ಶಿರಾಳಕೊಪ್ಪ ದಾಟಿದ ಮೇಲೆ ಇಬ್ಬನಿಯಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಅಲ್ಲಲ್ಲಿ ಗದ್ದೆಗಳಲ್ಲಿ ಕೊಯ್ಲಿನವರ ತಲೆಗಳು ಮಾತ್ರ ಕಂಡು ಮಾಯವಾಗುತ್ತಿದ್ದವು. ಸಂಜೆ ಅದೇ ದಾರಿಯಲ್ಲಿ ವಾಪಸು. ಇಡೀ ದಿನದಲ್ಲಿ ನಾನು ನನ್ನದೆಂದು ಆಡಿದ ಮಾತು ಕಂಡಕ್ಟರಿಗೆ ಹೇಳಿದ ಊರಿನ ಹೆಸರು ಮಾತ್ರ.

ಪ್ರಯೋಗ ಹೀಗಿತ್ತು. ಅರ್ಥವಿಲ್ಲದ ಹದಿನಾರು ಪದಗಳನ್ನು ಒಂದೊಂದು ರಟ್ಟಿನ ಚೂರಿನ ಮೇಲೆ ಬರೆದಿದ್ದೆ: ಟಿಗು, ಮೊಪೆ, ಡಕಿ, ನುಬೊ, ಹೀಗೆ. ಹತ್ತು ನಿಮಿಷ ಮನಸ್ಸಿನಲ್ಲೇ ಓದಿಕೊಳ್ಳಬೇಕು, ಆಮೇಲೆ ನೆನಪಿದ್ದಷ್ಟನ್ನು ಬರೆಯಬೇಕು. ಜೊತೆಯವರ ಮನೆಯಲ್ಲಿ ನಾಲ್ವರು ಮುಂದಿನ ಹಾಲಿನಲ್ಲಿ ಒಟ್ಟಿಗೆ ಕೂರುತ್ತಾರೆ, ಆದರೆ ಮಾತಾಡುವಂತಿಲ್ಲ. ಒಂಟಿಯವರ ಮನೆಯಲ್ಲಿ ಹಿಂದಿನ ಕೋಣೆಗೆ ಒಬ್ಬೊಬ್ಬಳೇ ಹೋಗುತ್ತಾಳೆ. ಐದನೆಯ ನಿಮಿಷಕ್ಕೆ ನಾನು ಒಳಗೆ ಬರುತ್ತೇನೆ. ಹೊಗಳಿಕೆಯ ಮನೆಯಾದರೆ "ಚೆನ್ನಾಗಿ ಕಲೀತಿದೀರಿ, ಇನ್ನೂ ಚೆನ್ನಾಗಿ ಬರುತ್ತೆ" ಎನ್ನುತ್ತೇನೆ. ಇಲ್ಲದ ಮನೆಯಾದರೆ ಕೈಯಲ್ಲಿರುವ ವಾಚು ನೋಡಿ ಸುಮ್ಮನೆ ಹೊರಗೆ ಹೋಗುತ್ತೇನೆ. ಯಾರಿಗೆ ಯಾವ ಮನೆ ಎಂಬುದನ್ನು ತಂಬಿಗೆಯಲ್ಲಿ ಹಾಕಿದ ಚೀಟಿ ತೀರ್ಮಾನಿಸುತ್ತಿತ್ತು. ಜಾಣೆಯರೆಲ್ಲ ಒಂದೇ ಮನೆಗೆ ಬಿದ್ದರೆ ಲೆಕ್ಕ ಕೆಡುತ್ತದಲ್ಲ, ಅದಕ್ಕೆ. ಶಿಕಾರಿಪುರದಲ್ಲಿ ಓರಗಿತ್ತಿಯರಿಬ್ಬರು ಒಟ್ಟಿಗೆ ಕೂರುವುದಕ್ಕೆಂದು ಇನ್ನೊಬ್ಬಳ ಚೀಟಿ ಬದಲಾಯಿಸಿಕೊಂಡು ಸಿಕ್ಕಿಬಿದ್ದರು. "ಏನ್ರೀ ಅಕ್ಕೋರೆ, ಮನ್ಯಾಗೂ ಒಟ್ಟಿಗೆ, ಬಾವ್ಯಾಗೂ ಒಟ್ಟಿಗೆ, ಇಲ್ಲಿ ಬಂದು ಬೇರೆ ಕುಂದ್ರು ಅಂದ್ರ ಹೆಂಗ್ರೀ?" ಎಂದು ನನ್ನನ್ನೇ ಕೇಳಿದರು.

ಅವರಿಗೆ ನಾನೊಂದು ತಮಾಷೆ. "ಮೊಪೆ ಅಂದ್ರೆ ನಮ್ಮತ್ತಿ ಮುಖ ರೀ" ಎಂದು ಒಬ್ಬಳು ಅಂದರೆ ಹಾಲೆಲ್ಲ ಗೊಳ್ಳೆನ್ನುತ್ತಿತ್ತು. ನನಗೂ ನಗು ಉಕ್ಕಿ ಬರುತ್ತಿತ್ತು. ತುಟಿ ಕಚ್ಚಿ ತಡೆದುಕೊಳ್ಳುತ್ತಿದ್ದೆ. ಅರಿಸಿನ ಕುಂಕುಮಕ್ಕೆ ಕರೆದರು, ಹೋಗಲಿಲ್ಲ. ಎಳ್ಳು ಬೆಲ್ಲ ತಂದುಕೊಟ್ಟರು, ತೆಗೆದುಕೊಂಡರೆ ಮಾತಿಗೆ ಮಾತು ಬೆಳೆಯುತ್ತದೆಂದು ಬೇಡ ಎಂದೆ. ಸಂಕ್ರಾಂತಿಯ ದಿನ ಎಳ್ಳು ಬೇಡ ಎನ್ನುವ ಹೆಣ್ಣನ್ನು ಅವರು ಕಂಡಿರಲಿಲ್ಲ. ಆಮೇಲೆ ಕರೆಯುವುದನ್ನು ಬಿಟ್ಟರು. "ಮೈಸೂರು ಅಕ್ಕೋರಿಗೆ ಸೊಕ್ಕು" ಎಂಬ ಮಾತು ಕಿವಿಗೆ ಬಿತ್ತು. ಆ ಸಂಜೆ ಕೆರೆ ಏರಿಯ ಮೇಲೆ ಕೂತು ಚೆನ್ನಾಗಿ ಅತ್ತೆ. ದನ ಹೊಡೆದುಕೊಂಡು ಹೋಗುತ್ತಿದ್ದವರೂ ಸುಮ್ಮನೆ ದಾಟಿಹೋದರು.

ಸೊರಬದ ತರಗತಿ ಮೊದಲು ಭತ್ತ ತುಂಬುತ್ತಿದ್ದ ಹಳೆಯ ಕಟ್ಟಡದಲ್ಲಿತ್ತು. ಹಿಂದಿನ ಕೋಣೆಗೆ ಒಂದೇ ಬಾಗಿಲು, ಎತ್ತರದ ಹೊಸ್ತಿಲು, ಆಚೆ ಹಿತ್ತಲು. ಅಲ್ಲಿ ಕಸ ಗುಡಿಸಿ ನೀರು ತುಂಬುವುದಕ್ಕೆ ಚೌಡಮ್ಮ ಎಂಬ ಹೆಂಗಸಿದ್ದಳು. ಸೊರಬಕ್ಕೆ ಹತ್ತಿರದ ಉಳವಿ ಕಡೆಯವಳು, ಐವತ್ತರ ಆಚೆ ಈಚೆ, ಕಪ್ಪು ಸೀರೆ, ಕಿವಿಯಲ್ಲಿ ತೂತು ಮಾತ್ರ. ಗುಡಿಸುವ ಕೆಲಸ ಮುಗಿದರೆ ಆ ಹೊಸ್ತಿಲಲ್ಲಿ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದಳು. ಎಲೆಗೆ ಎಲೆ ಸೇರಿಸಿ ಸಣ್ಣ ಕಡ್ಡಿ ಚುಚ್ಚಿ ಮುರಿಯುವುದು, ಮತ್ತೆ ಚುಚ್ಚಿ ಮುರಿಯುವುದು. ಹೋಟೆಲಿನವರು ಕೊಳ್ಳುತ್ತಿದ್ದರು.

ನಾನು ಆ ಕೋಣೆಗೆ ಹೋಗಬೇಕೆಂದರೆ "ಸ್ವಲ್ಪ ಸರಿ ಚೌಡಮ್ಮ" ಎನ್ನಬೇಕಿತ್ತು. ಅವಳು ಮೊಣಕಾಲು ಮಡಚಿ ದಾರಿ ಬಿಡುತ್ತಿದ್ದಳು. ಒಳಗೆ ಹೋಗಿ, ಚಾಪೆಯ ಮೇಲೆ ಕೂತ ಹೆಂಗಸನ್ನು ನೋಡಿ, ಹೊರಗೆ ಬಂದು, ಮತ್ತೆ ಚೌಡಮ್ಮನನ್ನು ದಾಟಿ, ಪುಸ್ತಕದಲ್ಲಿ 'ಒಬ್ಬಳೇ' ಎಂದು ಬರೆಯುತ್ತಿದ್ದೆ. ಹೀಗೆ ಎಷ್ಟು ಸಲ ಬರೆದೆನೋ ದೇವರಿಗೇ ಗೊತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಮನೆಗೆ ಹೋಗುತ್ತಿದ್ದರು. ನಾನು ಆ ಹಿಂದಿನ ಕೋಣೆಯಲ್ಲೇ ಗಟ್ಟಿಯಾದ ರೊಟ್ಟಿ ಮುರಿಯುತ್ತಾ, ಅಣ್ಣನಿಗೆ ಕಾಗದ ಬರೆಯುತ್ತಾ ಕೂರುತ್ತಿದ್ದೆ. ಚೌಡಮ್ಮ ಹೊಸ್ತಿಲಲ್ಲೇ ಇರುತ್ತಿದ್ದಳು. ಒಮ್ಮೊಮ್ಮೆ "ಮಜ್ಜಿಗೆ ಕೊಡ್ಲಾ ಅಕ್ಕೋರೆ?" ಎನ್ನುತ್ತಿದ್ದಳು. ನಾನು ಬೇಡವೆಂದು ತಲೆಯಾಡಿಸುತ್ತಿದ್ದೆ. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಕಡ್ಡಿ ಮುರಿಯುವ ಚಟ್ ಚಟ್ ಸದ್ದಿನಲ್ಲಿ ನನಗೆ ಎಷ್ಟೋ ದಿನ ಕಣ್ಣು ಹತ್ತಿ, ಗೋಡೆಗೆ ಒರಗಿ ನಿದ್ದೆ ಹೋಗಿದ್ದುಂಟು. ಶಿಕಾರಿಪುರದ ಕೋಣೆಯಲ್ಲಿ ಹೊರಳಾಡಿ ಹೊರಳಾಡಿಯೂ ಬಾರದ ನಿದ್ದೆ ಸೊರಬದಲ್ಲಿ ಕೂತಲ್ಲೇ ಬರುವುದಕ್ಕೆ ಬಸ್ಸಿನ ಆಯಾಸ ಕಾರಣ ಎಂದುಕೊಂಡಿದ್ದೆ.

ಜನವರಿಯ ಕೊನೆಗೆ ಎರಡೂ ಊರಿನ ಲೆಕ್ಕ ಹಾಕಿದೆ. ಶಿಕಾರಿಪುರದ್ದು ಪ್ರೊಫೆಸರು ಅಂದುಕೊಂಡ ಹಾಗೇ ಬಂದಿತ್ತು. ಜೊತೆಯಲ್ಲಿ ಕೂತವರಿಗೆ ಹೊಗಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಒಬ್ಬಳೇ ಕೂತವಳಿಗೆ ಮಾತ್ರ ನನ್ನ ಆ ಒಂದು ಸಪ್ಪೆ ವಾಕ್ಯ ಪಂಚಾಮೃತ. ಅದು ಸಿಕ್ಕವಳು ಜೊತೆಯಲ್ಲಿ ಕೂತವರಷ್ಟೇ ಪದ ನೆನಪಿಟ್ಟಿದ್ದಳು, ಸಿಗದವಳು ಅರ್ಧವನ್ನೂ ಇಟ್ಟಿರಲಿಲ್ಲ. ಪ್ರೊಫೆಸರ ಉಪ್ಪು ಹುಳಿ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಸೊರಬದ್ದು ತೆಗೆದರೆ ಅದೇನೂ ಇಲ್ಲ! ನಾಲ್ಕೂ ಮನೆ ಹೆಚ್ಚುಕಡಿಮೆ ಒಂದೇ ಸಮ. ಒಬ್ಬಳೇ ಕೂತು, ಹೊಗಳಿಕೆ ಸಿಗದವಳೂ ಹಾಲಿನಲ್ಲಿ ಕೂತವರಷ್ಟೇ ಬರೆದಿದ್ದಾಳೆ.

ಕಾಗದದಲ್ಲಿ ಎಲ್ಲವನ್ನೂ ಬರೆದು ಕಳಿಸಿದೆ. ಪ್ರೊಫೆಸರಿಂದ ನಾಲ್ಕೇ ಸಾಲಿನ ಉತ್ತರ ಬಂತು. 'ಎರಡು ಊರಿನ ಹೆಂಗಸರ ಮಿದುಳು ಬೇರೆ ಬೇರೆ ಇರುವುದಿಲ್ಲ. ಸೊರಬದಲ್ಲಿ ನೀವು ಏನೋ ತಪ್ಪು ಮಾಡಿದ್ದೀರಿ. ಅದೇನೆಂದು ಕಂಡುಹಿಡಿಯಿರಿ. ಇಲ್ಲವಾದರೆ ವರದಿ ನಿಲ್ಲುತ್ತದೆ.' ಓದಿದ ಕೂಡಲೇ ನಂಜನಗೂಡಿನವನ ಉಪ್ಪಿಟ್ಟಿನ ತಟ್ಟೆ ಕಣ್ಣಮುಂದೆ ಬಂತು.

ಮರುದಿನದಿಂದ ಸೊರಬದಲ್ಲಿ ನಾನು ಗಡಿಯಾರ ಹೋಗಿ ಪೊಲೀಸಿನವಳಾದೆ. ಪದಗಳನ್ನು ಹೊರಗೆ ಹೇಳಿಕೊಡುತ್ತಿದ್ದಾರೆಯೇ? ಸೆರಗಿನಲ್ಲಿ ಬರೆದುಕೊಂಡು ಹೋಗುತ್ತಿದ್ದಾರೆಯೇ? ಒಬ್ಬಳ ಅಂಗೈ ಬಿಡಿಸಿ ನೋಡಿದೆ, ಮದರಂಗಿ ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಗಿರಿಜೆ ಎಂಬ ಹೊಸದಾಗಿ ಮದುವೆಯಾದ ಹುಡುಗಿಯನ್ನು ಹಿಡಿದು ಕೂರಿಸಿದೆ. ನಾಲ್ಕನೆಯ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವಳು ಅವಳೇ.

"ನಿಜ ಹೇಳು ಗಿರಿಜಾ. ಒಬ್ಬಳೇ ಕೂತಾಗ ಯಾರು ಹೇಳಿಕೊಟ್ಟರು?"

"ಅಯ್ಯೋ, ಯಾರೂ ಹೇಳಿಕೊಟ್ಟಿಲ್ಲ ಅಕ್ಕೋರೆ. ಆಣೆಗೂ ಇಲ್ಲ." ಅವಳ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಏನೋ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು. "ಮತ್ತೆ, ಒಬ್ಳೇ ಎಲ್ಲಿದ್ದೆ ನಾನು? ಚೌಡಮ್ಮ ಇದ್ಲಲ್ಲ."

ನಾನು ಬಾಗಿಲ ಕಡೆ ತಿರುಗಿದೆ. ಚೌಡಮ್ಮ ಹೊಸ್ತಿಲಲ್ಲಿ ಕೂತು ಎಲೆ ಹಚ್ಚುತ್ತಿದ್ದಳು. ಆ ಗಳಿಗೆಗೆ ನನಗೆ ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ನಾಚಿಕೆ ಬಂತು. ಮೂರು ತಿಂಗಳು ದಿನಕ್ಕೆ ಹತ್ತು ಸಲ ಅವಳನ್ನು ಸರಿಸಿ ಒಳಗೆ ಹೋಗಿ 'ಒಬ್ಬಳೇ' ಎಂದು ಬರೆದವಳು ನಾನು, ಮನಃಶಾಸ್ತ್ರದ ಎಂ.ಎ.!

"ಚೌಡಮ್ಮ, ಇವರು ಓದುವಾಗ ನೀನು ಯಾಕೆ ಇಲ್ಲೇ ಕೂರೋದು?"

ಅವಳು ಗಾಬರಿಯಿಂದ ಎದ್ದು ನಿಂತಳು. "ಎಂತ ಆತು ಅಕ್ಕೋರೆ? ನಾ ಒಂದು ಮಾತೂ ಆಡಿಲ್ಲ. ನೀವು ಮಾತಾಡಬ್ಯಾಡಿ ಅಂದಿದ್ರಲ."

"ಮಾತಾಡಿದ್ದಲ್ಲ. ಕೂತದ್ದು ಯಾಕೆ?"

"ಮತ್ತೆಂತ ಮಾಡಾದು? ಇದು ಭತ್ತದ ಕೋಣೆ, ಕತ್ಲು. ಹೆಣ್ಣುಮಕ್ಳನ್ನ ಒಬ್ರನ್ನೇ ಕೂಡಿ ಬರ್ತೀರಿ. ಹ್ಯಾಂಗೆ ಬಿಟ್ಟು ಹೋಗಾದು? ನಾ ಬಾಣಂತೀರ ಬಾಗ್ಲಲ್ಲಿ ಕೂತು ಬೆಳದೋಳು. ಬಾಣಂತಿ ಒಬ್ಳೇ ಇರಬಾರ್ದು. ಹಂಗಂತ ಅದ್ರ ಹತ್ರ ಮಾತಾಡ್ತಾ ಇರಬೇಕು ಅಂತಲ್ಲ, ಬಾಗ್ಲಲ್ಲಿ ಒಂದು ಜೀವ ಇದ್ರೆ ಸಾಕು. ನಮ್ಮೂರಲ್ಲಿ ಅದಕ್ಕೇ ನನ್ನ ಕರೀತಾರೆ." ಆಮೇಲೆ ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ ಕೇಳಿದಳು. "ಅಲ್ಲ ಅಕ್ಕೋರೆ, ನಾ ಇದ್ರೆ ಒಬ್ರು ಇದ್ದಂಗೆ ಆಗ್ತದಾ?"

ಆಗುತ್ತದೆ ಎಂದು ನನ್ನ ಪುಸ್ತಕವೇ ಹೇಳುತ್ತಿತ್ತು. ಹೊಗಳಿಕೆ ಮಾಡುವ ಕೆಲಸವನ್ನು ಇವಳು ಬಾಯಿ ಬಿಡದೆ ಮಾಡಿದ್ದಳು. ಅದನ್ನೇ ಅವಳಿಗೆ ಹೇಳಿದೆ. ನೀನು ಕೂತಿದ್ದಕ್ಕೇ ಈ ಹೆಂಗಸರಿಗೆ ಪದಗಳು ನೆನಪುಳಿದವು, ಇದನ್ನು ಮೈಸೂರಿನ ವರದಿಯಲ್ಲಿ ಬರೆಯುತ್ತೇನೆ ಎಂದೆ. ಚೌಡಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. "ಸುಮ್ನಿರಿ ಅಕ್ಕೋರೆ. ಮೈಸೂರು ಬುಕ್ಕಲ್ಲಿ ನಂದಾ?" ನಕ್ಕು ಮುಗಿದ ಮೇಲೆ, ಕೊಡ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. "ಬರಿಯಾದಾದ್ರೆ ಉಳವಿ ಚೌಡಮ್ಮ ಅಂತ ಬರೀರಿ. ಸೊರಬದಲ್ಲಿ ಚೌಡಮ್ಮಂದಿರು ಬೇಕಷ್ಟಿದಾರೆ."

ಇಂಥ ವರದಿಗಳಲ್ಲಿ ಯಾರ ಹೆಸರನ್ನೂ ಬರೆಯುವ ರೂಢಿ ಇಲ್ಲವೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ. "ಆಯ್ತು, ಹಾಗೇ ಬರೀತೀನಿ" ಎಂದೆ.

ಪ್ರೊಫೆಸರಿಗೆ ಎಲ್ಲವನ್ನೂ ತಿಳಿಸಿದೆ. ಆ ಹೆಂಗಸನ್ನು ದೂರ ಇಟ್ಟು, ಹೊಸ ತಂಡದ ಮೇಲೆ ನಾಲ್ಕೂ ಮನೆಯನ್ನು ಮತ್ತೆ ಮಾಡಿ ಎಂದು ಉತ್ತರ ಬಂತು. ಫೆಬ್ರವರಿಯಲ್ಲಿ ಹೊಸ ತಂಡ ಸೇರಿತು. ನಾನು ಚೌಡಮ್ಮನಿಗೆ, ಇನ್ನು ಮೂರು ವಾರ ಹೊಸ್ತಿಲಲ್ಲಿ ಕೂರಬೇಡ, ಲೆಕ್ಕ ಕೆಡುತ್ತದೆ ಎಂದೆ. "ಹಂಗೇ ಆಗ್ಲಿ" ಎಂದು ಎಲೆಯ ಕಟ್ಟು ಎತ್ತಿಕೊಂಡು ಮುಂದಿನ ಜಗುಲಿಗೆ ಹೋದಳು.

ನಾನು ಹೇಳಿದ್ದು ಹೆಂಗಸರು ಓದುವ ಹೊತ್ತಿಗೆ ಮಾತ್ರ. ಅವಳು ಕೇಳಿಸಿಕೊಂಡದ್ದು ಪೂರ್ತಿಯಾಗಿ. ಮಧ್ಯಾಹ್ನವೂ ಬರಲಿಲ್ಲ. ಮೊದಲ ದಿನ ರೊಟ್ಟಿಯ ಗಂಟು ಬಿಚ್ಚಿಕೊಂಡು ಕೂತೆ. ಹೊಸ್ತಿಲು ಖಾಲಿ. ಹಿತ್ತಲಲ್ಲಿ ಬಿಸಿಲು ಏರುತ್ತಿತ್ತು, ಒಂದು ಕಾಗೆ ಹಾರಿ ಬಂದು ಅದೇ ಹೊಸ್ತಿಲಿನ ಮೇಲೆ ಕೂತು ನನ್ನನ್ನು ನೋಡಿ ಹಾರಿಹೋಯಿತು. ರೊಟ್ಟಿಯನ್ನು ಹಾಗೇ ಮತ್ತೆ ಕಟ್ಟಿಟ್ಟೆ. ನಿದ್ದೆಯೂ ಬರಲಿಲ್ಲ. ಆವತ್ತು ನನಗೆ ಗೊತ್ತಾಯಿತು, ಇಷ್ಟು ದಿನ ನಾನೂ ಒಬ್ಬಳೇ ಇರಲಿಲ್ಲ. ಪ್ರೊಫೆಸರ ನಾಲ್ಕನೆಯ ಮನೆಗೆ ನಾನು ಬಂದು ಕೂತದ್ದು ಈಗ, ನನ್ನ ಕೈಯಾರೆ.

ಎದ್ದು ಜಗುಲಿಗೆ ಹೋಗಿ "ಬಾ ಚೌಡಮ್ಮ, ಊಟದ ಹೊತ್ತಿಗೆ ಕೂತ್ಕೋ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹತ್ತು ಹೆಜ್ಜೆ. ಆದರೆ ಗಡಿಯಾರಕ್ಕೆ ಕಾಲಿರುವುದಿಲ್ಲವಲ್ಲ! ಅವಳನ್ನು ಹತ್ತಿರ ಬಿಟ್ಟುಕೊಂಡರೆ ಹೊಸ ತಂಡದವರೂ ಮಾತಿಗೆ ಬರುತ್ತಾರೆ, ಮತ್ತೆ ಲೆಕ್ಕ ಕೆಟ್ಟರೆ ಕೆಲಸ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ವಾರ ತಾನೆ, ಎಲ್ಲ ಮುಗಿದ ಮೇಲೆ ನೆಮ್ಮದಿಯಾಗಿ ಕೂತು ಮಾತಾಡಿದರಾಯಿತು ಎಂದುಕೊಂಡೆ. ಮಜ್ಜಿಗೆಯನ್ನೂ ಕೇಳಿ ಕುಡಿದರಾಯಿತು.

ಹೊಸ ತಂಡದ ಲೆಕ್ಕ ಶಿಕಾರಿಪುರದ ಹಾಗೇ ಬಂತು. ನಾಲ್ಕನೆಯ ಮನೆಯವರು ಪಾಪ, ಪದಗಳನ್ನೆಲ್ಲ ಮರೆತಿದ್ದರು. ಒಬ್ಬಳು ಹಾಳೆಯನ್ನು ಖಾಲಿಯೇ ಕೊಟ್ಟು "ಎಂತದೋ ಭಯ ಆತು ಅಕ್ಕೋರೆ" ಎಂದಳು. ವಾಚು ನೋಡಿ ಹೊರಗೆ ಬಂದೆ.

ಕೊನೆಯ ದಿನ ಬಸ್ಸಿಗೆ ಇನ್ನೂ ಎರಡು ಗಂಟೆ ಇರುವಾಗಲೇ ಎಲ್ಲ ಕಟ್ಟಿಟ್ಟು ಚೌಡಮ್ಮನನ್ನು ಹುಡುಕಿದೆ. ಜಗುಲಿಯಲ್ಲಿರಲಿಲ್ಲ. ಗಿರಿಜೆ ಹೇಳಿದಳು: "ಅವ್ಳು ನಿನ್ನೆ ಉಳವಿಗೆ ಹೋದ್ಲು ಅಕ್ಕೋರೆ. ಯಾರೋ ಬಾಣಂತಿ ಹತ್ರ ಕೂರಾಕೆ. ಹೋಗ್ವಾಗ ಕೇಳಿದ್ಲು, ಅಕ್ಕೋರ ಲೆಕ್ಕ ಸರಿಯಾತಾ ಅಂತ. ಆತು ಅಂದೆ. ಖುಷಿಪಟ್ಲು."

ಉಳವಿಗೆ ಬಸ್ಸಿತ್ತು. ಹೋಗಲಿಲ್ಲ. ಹೋಗಿದ್ದರೆ ಶಿರಾಳಕೊಪ್ಪದಲ್ಲಿ ಕೊನೆಯ ಬಸ್ಸು ತಪ್ಪುತ್ತಿತ್ತು.

ಮೈಸೂರಿಗೆ ಬಂದು ವರದಿ ಬರೆದೆ. ಅದರಲ್ಲಿ ಚೌಡಮ್ಮನದೇ ಒಂದು ಪುಟ. ಸುಮ್ಮನೆ ಬಾಗಿಲಲ್ಲಿ ಒಬ್ಬರು ಕೂತಿರುವುದು ಮೂರನೆಯ ಅಂಶ, ಅದನ್ನೂ ಸೇರಿಸಿದರೆ ನಾಲ್ಕು ಮನೆ ಎಂಟಾಗುತ್ತವೆ, ಅದನ್ನು ಮುಂದೆ ಪರೀಕ್ಷಿಸಬೇಕು ಎಂದು ಬರೆದಿದ್ದೆ. ಈಗ ಯೋಚಿಸಿದರೆ ಆ ವರದಿಯಲ್ಲಿ ನನ್ನ ಸ್ವಂತದ್ದೆಂದು ಇದ್ದದ್ದು ಆ ಪುಟ ಒಂದೇ.

ಪ್ರೊಫೆಸರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸೊರಬದ ಮೊದಲ ತಂಡವನ್ನು ಪೂರ್ತಿ ಕೈಬಿಡಿ. ಅದು ಕೆಟ್ಟ ಪ್ರಯೋಗ, ಸುಳ್ಳೇನಲ್ಲ. ಈ ಪುಟವೂ ಬೇಡ. ಕಸ ಗುಡಿಸುವವಳು ಬಾಗಿಲಲ್ಲಿ ಎಲೆ ಹಚ್ಚುತ್ತಾ ಕೂತಿದ್ದಳು ಅಂತ ಬರೆದರೆ ಓದುವವರು ನಗ್ತಾರಮ್ಮ. ಮೂರು ತಿಂಗಳು ನಿಮ್ಮ ಕಣ್ಣಿಗೆ ಅವಳು ಬಿದ್ದಿರಲಿಲ್ಲವೇ ಅಂತ ಕೇಳ್ತಾರೆ. ಏನು ಹೇಳ್ತೀರಿ?"

ಕಣ್ಣಿಗೆ ಬಿದ್ದಿದ್ದಳು, ಮನುಷ್ಯಳೆಂದು ಅನಿಸಿರಲಿಲ್ಲ ಎನ್ನಬೇಕಿತ್ತು. "ಸರಿ ಸಾರ್" ಎಂದು ಆ ಹಾಳೆಯನ್ನು ವರದಿಯಿಂದ ಬಿಡಿಸಿ ತೆಗೆದುಕೊಂಡೆ. ಜೂನಿನಲ್ಲಿ ಕೆಲಸ ಸಿಕ್ಕಿತು. ನಂಜನಗೂಡಿನವನು ತಪ್ಪಿದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಚೌಕವನ್ನು ಕಪ್ಪು ಹಲಗೆಯ ಮೇಲೆ ಬರೆದು, ಅದೇ ಉಪ್ಪು ಹುಳಿಯ ಮಾತು ಹೇಳಿ, ನನ್ನದೇ ಪ್ರಯೋಗವನ್ನು ಉದಾಹರಣೆ ಕೊಟ್ಟು ಪಾಠ ಮಾಡಿದೆ. ಹುಡುಗಿಯರು ಚೆನ್ನಾಗಿ ಅರ್ಥವಾಗುತ್ತದೆ ಮೇಡಂ ಎನ್ನುತ್ತಿದ್ದರು. ಒಂದು ವರ್ಷವೂ ಚೌಡಮ್ಮನ ಹೆಸರೆತ್ತಲಿಲ್ಲ. ಸೊರಬಕ್ಕೂ ಮತ್ತೆ ಹೋಗಲಿಲ್ಲ. ರಜೆ ಬಂದಾಗೆಲ್ಲ ಈ ಸಲ ಹೋಗಬೇಕು ಅಂದುಕೊಳ್ಳುವುದು, ಏನೋ ಒಂದು ನೆಪ ಸಿಕ್ಕುವುದು. ಅವಳು ಎದುರು ಬಂದು "ಬರದ್ರಾ ಅಕ್ಕೋರೆ?" ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ ಅದು, ಬೇರೇನೂ ಅಲ್ಲ. ಆಮೇಲೆ ಅವಳ ವಯಸ್ಸು ಲೆಕ್ಕ ಹಾಕಿ, ಇನ್ನು ಹೋಗಿ ಪ್ರಯೋಜನವಿಲ್ಲ ಎನ್ನುವಷ್ಟು ವರ್ಷ ಕಳೆಯುವವರೆಗೆ ಸುಮ್ಮನಿದ್ದೆ.

ಮದುವೆ ಊಟದಿಂದ ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸದೆ ಟ್ರಂಕು ತೆಗೆದೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, ನಾನು ಅವನಿಗೆ ಬರೆದ ಕಾಗದಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಕಳಿಸಿದ್ದಳು. ಅದನ್ನು ಬಿಚ್ಚಿ ನೋಡಿರಲಿಲ್ಲ. ವರದಿಯಿಂದ ಬಿಡಿಸಿದ ಆ ಪುಟ ಎಲ್ಲಾದರೂ ಸಿಕ್ಕೀತೆಂದು ಹುಡುಕಿದೆ. ಅದು ಸಿಗಲಿಲ್ಲ. ಸೊರ‍ಬದಿಂದ ಬರೆದ ಒಂದು ಇನ್‌ಲ್ಯಾಂಡ್ ಸಿಕ್ಕಿತು, ಮಸಿ ಕಂದಿದೆ, ಆದರೂ ಓದಲು ಬರುತ್ತದೆ.

'ಅಣ್ಣ, ಇಲ್ಲಿ ನನಗೆ ಯಾರೂ ಇಲ್ಲ. ಶಿಕಾರಿಪುರದಲ್ಲೂ ಇಲ್ಲ, ಈ ಊರಲ್ಲೂ ಇಲ್ಲ. ಮಧ್ಯಾಹ್ನದ ಹೊತ್ತು ಈ ಕತ್ತಲೆ ಕೋಣೆಯಲ್ಲಿ ನಾನೊಬ್ಬಳೇ ಕೂತಿರುತ್ತೇನೆ. ಹೊಸ್ತಿಲಲ್ಲಿ ಎಲೆ ಹಚ್ಚುವ ಸದ್ದೊಂದನ್ನು ಬಿಟ್ಟರೆ ಏನೂ ಕೇಳುವುದಿಲ್ಲ.'

ಎರಡು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಆ ಕಾಲದಲ್ಲಿ ನಾನು ಜಿಪುಣಿ, ಕಾಗದದ ಅಂಚಿನವರೆಗೂ ಬರೆಯುತ್ತಿದ್ದೆ. ಆದರೂ 'ನಾನೊಬ್ಬಳೇ' ಎಂಬುದರ ಪಕ್ಕದಲ್ಲಿ ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಪೆನ್ನು ತಂದು ಅಲ್ಲಿ ಹೆಸರು ಬರೆದೆ. ಬರೀ ಚೌಡಮ್ಮ ಎಂದಷ್ಟೇ ಬರೆದು ನಿಲ್ಲಿಸಿದವಳು, ಮತ್ತೆ ಪೆನ್ನು ಎತ್ತಿ, ಹೆಸರಿಗೆ ಮೊದಲು ಸಣ್ಣದಾಗಿ ಉಳವಿ ಎಂದು ಸೇರಿಸಿದೆ. ಸೊರಬದಲ್ಲಿ ಚೌಡಮ್ಮಂದಿರು ಬೇಕಷ್ಟಿದ್ದರು.